ಬಿಟ್ಟಿ ಎಂಬ ಮಾತಿನ ಚರಿತ್ರೆ: ಅಮೃತಾಪುರದ ಕಡೆಯಿಂದ

ದಲಿತ ವಿಮರ್ಶೆಯ ವಿಶೇಷ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಗೆಳೆಯರು ಕೇಳಿದಾಗ ಯಾವುದಾದರೂ ಕಾದಂಬರಿಯನ್ನು ಎತ್ತಿಕೊಂಡು ಕೂರೋಣ ಅಂತಲೇ ನಾನೂ ಇದ್ದೆ. ಆಗಲಿಲ್ಲ. ಹತ್ತು ಹನ್ನೆರಡು ವರ್ಷದಿಂದ ಒಂದು ಪದ ನನ್ನ ಬೆನ್ನು ಹತ್ತಿದೆ. ಕೃತಿಗಳನ್ನು ವಿಮರ್ಶೆಗೆ ಒಡ್ಡುವವರು ಒಮ್ಮೊಮ್ಮೆ ಪದಗಳನ್ನೂ ಕಟಕಟೆಗೆ ತಂದು ನಿಲ್ಲಿಸಬೇಕಾಗುತ್ತದೆ. ಆ ಪದ ‘ಬಿಟ್ಟಿ’.

ನಮ್ಮ ಹಳ್ಳಿ ತರೀಕೆರೆ ತಾಲ್ಲೂಕಿನ ಅಮೃತಾಪುರ ಹೋಬಳಿಗೆ ಸೇರಿದ್ದು. ಒಂದು ಕಡೆ ನೀರುಂಡು ನಿಂತ ಅಡಿಕೆ ತೋಟ, ಇನ್ನೊಂದು ಕಡೆ ಅಜ್ಜಂಪುರದ ದಿಕ್ಕಿಗೆ ಹೋದಂತೆಲ್ಲ ಒಣಗುತ್ತ ಹೋಗುವ ರಾಗಿ ಹೊಲ, ಈರುಳ್ಳಿ ಹೊಲ. 2013ರಲ್ಲಿ ಅನ್ನಭಾಗ್ಯ ಬಂತು. ಬಡ ಕುಟುಂಬಕ್ಕೆ ಕೆಜಿಗೆ 1 ರೂಪಾಯಿಯಂತೆ ತಿಂಗಳಿಗೆ 30 ಕೆಜಿವರೆಗೆ ಅಕ್ಕಿ. ಅದಾದ ಮರುವರ್ಷ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಊರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಐದಾರು ಎಕರೆ ತೋಟದ ಯಜಮಾನರೊಬ್ಬರು. ಅವರು ಹೇಳಿದ್ದು: “ಒಂದ್ರೂಪಾಯಿ ಅಕ್ಕಿ ಬಂತು ನೋಡಿ ಮೇಷ್ಟ್ರೆ, ಆಳು ಅನ್ನೋರೇ ಇಲ್ಲ. ಬಿಟ್ಟಿ ತಿಂದ್ಕಂಡು ಜಗಲಿ ಮೇಲೆ ಬಿದ್ದವ್ರೆ. ಸೋಮಾರಿಗಳಾಗೋದ್ರು.”

ನಾನು ತಲೆಯಾಡಿಸಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ನನ್ನ ಕೈಗೆ ಟೀ ಲೋಟ ಕೊಟ್ಟು, ಮೇಷ್ಟ್ರೆ ಎಂದು ಕರೆದು, ‘ಅವರು’ ಎಂದು ಬೊಟ್ಟು ಮಾಡಿದ್ದು ನನ್ನ ಕೇರಿಯ ಕಡೆಗೇ. ತಿಂಗಳ ಸಂಬಳದ ನಾನು ಆ ‘ಅವರು’ ಎಂಬುದರೊಳಗೆ ಇಲ್ಲ ಎಂಬ ಸಣ್ಣ ಸಮಾಧಾನಕ್ಕೆ ನನ್ನ ಕುತ್ತಿಗೆ ಅಲ್ಲಾಡಿತು. ಮನೆಗೆ ಬಂದು ಅಪ್ಪನ ಎದುರು ಕೂತಾಗಲೇ ಆ ಪದ ಕುಟುಕತೊಡಗಿದ್ದು. ಅಪ್ಪನ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಪದ.

ಬಿಟ್ಟಿ ಎಂಬುದು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ವಿಷ್ಟಿ ಎಂದರೆ ಕೂಲಿ ಇಲ್ಲದ, ಒಲ್ಲೆ ಎನ್ನಲಾಗದ ದುಡಿಮೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಅದು ರಾಜ್ಯಕ್ಕೆ ಸಲ್ಲಬೇಕಾದ ಒಂದು ಬಾಬತ್ತು. ಕನ್ನಡ ನಾಡಿನ ಶಾಸನಗಳಲ್ಲಿ ಬಿಟ್ಟಿ ಎಂಬುದು ತೆರಿಗೆಗಳ ಸಾಲಿನಲ್ಲಿ ಕೂತಿರುತ್ತದೆ. ಹಣ ಕೊಡಲಾಗದವನು ಮೈ ಕೊಡಬೇಕು. ಕೋಟೆಗೆ ಮಣ್ಣು, ಕೆರೆಗೆ ಕಲ್ಲು, ದಂಡಿಗೆ ಹೊರೆ. ‘ಬಿಟ್ಟಿ ಚಾಕರಿ’ ಎಂಬ ನುಡಿಯಲ್ಲಿ ಆ ಹಳೆಯ ಅರ್ಥ ಇವತ್ತೂ ಉಸಿರಾಡುತ್ತಿದೆ. (ಹೊಯ್ಸಳರ ವಿಷ್ಣುವರ್ಧನನಿಗೂ ಬಿಟ್ಟಿದೇವ ಎಂಬ ಹೆಸರು. ಅದು ವಿಷ್ಣುವಿನ ತದ್ಭವ, ಇದಕ್ಕೆ ಸಂಬಂಧವಿಲ್ಲ. ದೇವರೂ ದೇವರಿಗೆ ಕಲ್ಲು ಹೊತ್ತವನೂ ಕನ್ನಡಕ್ಕೆ ಬರುವಷ್ಟರಲ್ಲಿ ಒಂದೇ ಹೆಸರಿನವರಾದದ್ದು ಭಾಷೆಯ ತಮಾಷೆ.)

ಅಂದರೆ ಯಾವ ಪದ ನಮ್ಮವರು ಕೊಟ್ಟದ್ದಕ್ಕೆ ಹೆಸರಾಗಿತ್ತೋ ಅದೇ ಪದ ಈಗ ನಮ್ಮವರು ಪಡೆದದ್ದಕ್ಕೆ ಹೆಸರಾಗಿದೆ. ಇದು ಹೇಗಾಯಿತು? ನನಗೆ ತೋಚುವುದು ಇಷ್ಟು: ಈ ಪದವನ್ನು ಆಡುತ್ತಿದ್ದ ಬಾಯಿ ಯಾವತ್ತೂ ಯಜಮಾನನದೇ. ಆಳಿನ ದುಡಿಮೆ ಯಜಮಾನನಿಗೆ ಬೆಲೆ ಕೊಡದೆ ಸಿಕ್ಕದ್ದು, ಆದ್ದರಿಂದ ಬಿಟ್ಟಿ. ಈಗ ಆಳಿಗೆ ಬೆಲೆ ಕೊಡದೆ ಏನೋ ಸಿಗುತ್ತಿದೆ ಎಂದು ಯಜಮಾನನಿಗೆ ಕಾಣುತ್ತಿದೆ, ಆದ್ದರಿಂದ ಅದೂ ಬಿಟ್ಟಿ. ನೋಡುವ ಕಣ್ಣು ಅದೇ ಜಗಲಿಯ ಮೇಲಿದೆ.

*

ಅಮೃತಾಪುರ ಎಂದ ಕೂಡಲೇ ಓದಿದವರಿಗೆ ನೆನಪಾಗುವುದು ಅಮೃತೇಶ್ವರ ದೇವಾಲಯ. 1196ರಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಅವನ ದಂಡನಾಯಕ ಅಮಿತ ಕಟ್ಟಿಸಿದ್ದು. ಹೊರಗೋಡೆಯ ಮೇಲೆ ರಾಮಾಯಣ, ಮಹಾಭಾರತ, ಭಾಗವತಗಳ ಕಥೆಗಳನ್ನು ಸಾಲಾಗಿ ಕೆತ್ತಿದ್ದಾರೆ. ರೂವಾರಿ ಮಲ್ಲಿತಮ್ಮನ ಕೈ ಇಲ್ಲಿ ಪಳಗಿತು ಎಂದು ಕಲೆಯ ಚರಿತ್ರಕಾರರು ಹೇಳುತ್ತಾರೆ. ಅಲ್ಲಿನ ಶಾಸನದ ಪದ್ಯಗಳನ್ನು ಕಟ್ಟಿದವನು ಜನ್ನ, ಮುಂದೆ ‘ಯಶೋಧರ ಚರಿತೆ’ ಬರೆದ ಅದೇ ಜನ್ನ. ಕಟ್ಟಿಸಿದವನ ಹೆಸರು ಗೊತ್ತು, ಕೆತ್ತಿದವನ ಹೆಸರು ಗೊತ್ತು, ಹೊಗಳಿದವನ ಹೆಸರೂ ಗೊತ್ತು. ಕಲ್ಲು ಹೊತ್ತವರು?

ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಆ ಗುಡಿಗೆ ಎಷ್ಟೋ ಸಲ ಹೋಗಿದ್ದೇನೆ. ಈ ಪ್ರಶ್ನೆಯನ್ನು ಕೇಳಿ ಮುಂದೆ ಹೋಗುವುದು ನಮ್ಮ ವಿಮರ್ಶೆಯಲ್ಲಿ ಒಂದು ಅಭ್ಯಾಸವಾಗಿಬಿಟ್ಟಿದೆ, ಅದರಿಂದ ಹೊಸದೇನೂ ಹುಟ್ಟುವುದಿಲ್ಲ. ನಾನು ಹೇಳಬೇಕೆಂದಿರುವುದು ಕಲ್ಲಿನ ಬಗ್ಗೆ ಅಲ್ಲ, ದತ್ತಿಯ ಬಗ್ಗೆ. ಆ ಕಾಲದ ಗುಡಿಗಳಿಗೂ ಅಗ್ರಹಾರಗಳಿಗೂ ಭೂಮಿಯನ್ನು ‘ಬಿಡು’ತ್ತಿದ್ದರು. ಹಾಗೆ ಬಿಟ್ಟ ಭೂಮಿಯ ಉತ್ಪತ್ತಿ ವೃತ್ತಿಗಳಾಗಿ ಹಂಚಿಹೋಗುತ್ತಿತ್ತು. ಪಡೆದವನು ಉಳಬೇಕಿಲ್ಲ, ಬಿತ್ತಬೇಕಿಲ್ಲ. ಎಷ್ಟೋ ದತ್ತಿಗಳಿಗೆ ಸರ್ವಬಾಧಾ ಪರಿಹಾರ, ಎಂದರೆ ತೆರಿಗೆಗಳ ಕಾಟವಿಲ್ಲ. ಈ ಏರ್ಪಾಟು ಚಂದ್ರಸೂರ್ಯರಿರುವತನಕ. ಅದನ್ನು ಕಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆಂಬ ಶಾಪ ಬೇರೆ.

ದುಡಿಯದೆ ಉಣ್ಣುವ ಏರ್ಪಾಟನ್ನು ಇಷ್ಟು ಭದ್ರವಾಗಿ, ಕಲ್ಲಿನಲ್ಲಿ ಕೊರೆದು, ಕವಿಯಿಂದ ಬರೆಸಿ ಇಟ್ಟ ನಾಡು ನಮ್ಮದು. ಆದರೆ ಅದನ್ನು ಯಾರೂ ಬಿಟ್ಟಿ ಎನ್ನಲಿಲ್ಲ. ಅದಕ್ಕೆ ದತ್ತಿ, ಉಂಬಳಿ, ಮಾನ್ಯ, ಇನಾಮು ಎಂಬ ಹೆಸರುಗಳಿದ್ದವು. ಎಲ್ಲವೂ ಮರ್ಯಾದೆಯ ಹೆಸರುಗಳೇ. ಇನಾಮಿನಲ್ಲಿ ಬದುಕಿದವನು ಸೋಮಾರಿಯಾಗುತ್ತಾನೆಂದು ಚಿಂತೆಪಟ್ಟ ಒಂದು ಶಾಸನವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಈ ಕಾಲದಲ್ಲೂ ಹೆಸರುಗಳಿಗೆ ಬರವಿಲ್ಲ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆ ಇಳಿಸಿತು. ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಲೆಕ್ಕ ಹೇಳಿತು. ಅದರ ಹೆಸರು ‘ಉತ್ತೇಜನ’.

*

ಅಪ್ಪನ ವಿಷಯ. ಅವನು ಹತ್ತು ವರ್ಷದ ಹುಡುಗನಾಗಿದ್ದಾಗ ನನ್ನ ತಾತ ಮಗಳ ಮದುವೆಗೆಂದು 180 ರೂಪಾಯಿ ಸಾಲ ತಂದ. ಸಾಲಕ್ಕೆ ಪತ್ರ ಬರೆಯಲಿಲ್ಲ, ಹುಡುಗನನ್ನು ಬಿಟ್ಟ. (ಈ ‘ಬಿಡು’ ಕ್ರಿಯಾಪದವನ್ನು ಗಮನಿಸಬೇಕು. ಗುಡಿಗೆ ಭೂಮಿ ಬಿಡುವುದು, ಬಸವನನ್ನು ಬಿಡುವುದು, ಮಗನನ್ನು ಜೀತಕ್ಕೆ ಬಿಡುವುದು.) ಕತ್ತಲಿರುವಾಗಲೇ ಕೊಟ್ಟಿಗೆ ಬಳಿಯುವುದರಿಂದ ಶುರು. ಉಳುವುದು, ಗೊಬ್ಬರ ಹೊರುವುದು, ರಾತ್ರಿ ಗದ್ದೆಗೆ ನೀರು ಕಟ್ಟುವುದು, ಸುಗ್ಗಿಯಲ್ಲಿ ಕಣ ಕಾಯುವುದು. ಎರಡು ಹೊತ್ತು ಮುದ್ದೆ, ಅದೂ ಕೊಟ್ಟಿಗೆಯ ಹೊರಗೆ. ವರ್ಷಕ್ಕೊಂದು ಕಂಬಳಿ, ಒಂದು ಜೊತೆ ಎಕ್ಕಡ. ಇಪ್ಪತ್ತು ವರ್ಷ ದುಡಿದರೂ ಆ 180 ರೂಪಾಯಿ ತೀರಿರಲಿಲ್ಲ. ಅಪ್ಪನ ಮದುವೆಗೆ ಮತ್ತೆ ಸಾಲ, ನಾನು ಹುಟ್ಟಿದಾಗ ಮತ್ತಷ್ಟು.

ಅಪ್ಪ ಹೇಳುತ್ತಿದ್ದ ಒಂದು ಸಂಗತಿ ನನಗೆ ಮುಖ್ಯ. ಒಮ್ಮೆ ಚಳಿಜ್ವರ ಬಂದು ಮೂರು ದಿನ ಗುಡಿಸಲಲ್ಲಿ ಮಲಗಿದ್ದನಂತೆ. ಯಜಮಾನ ಕೇರಿಯ ಬಾಯಿಗೆ ಬಂದು ನಿಂತು ಕೂಗಿದ್ದು: “ಸೋಮಾರಿ ನನ್ಮಗನೆ, ಬಿಟ್ಟಿ ಕೂಳು ತಿಂದು ಮೈ ಬೆಳೆಸ್ಕಂಡಿದೀಯ, ಏಳೋ!” ದಿನಕ್ಕೆ ಹದಿನಾರು ತಾಸು ಬಿಟ್ಟಿ ದುಡಿದವನು ತಿಂದ ಮುದ್ದೆ ಬಿಟ್ಟಿ ಕೂಳು. ಪದ ಮಗುಚಿಕೊಂಡದ್ದು ಅನ್ನಭಾಗ್ಯದ ಕಾಲದಲ್ಲಿ ಅಲ್ಲ ಎಂದು ನನಗೆ ಗೊತ್ತಾದದ್ದು ಹೀಗೆ. ಸರ್ಕಾರ ಒಂದು ಕಾಳು ಅಕ್ಕಿ ಕೊಡುವುದಕ್ಕೆ ಎಷ್ಟೋ ಮುಂಚೆ ನಾವು ಸೋಮಾರಿಗಳಾಗಿಬಿಟ್ಟಿದ್ದೆವು.

1975ರ ಅಕ್ಟೋಬರಿನಲ್ಲಿ ಜೀತಪದ್ಧತಿ ರದ್ದತಿಯ ಸುಗ್ರೀವಾಜ್ಞೆ, 1976ರಲ್ಲಿ ಕಾಯ್ದೆ. ಜೀತದ ಸಾಲವೆಲ್ಲ ತೀರಿತು ಎಂದು ಕಾನೂನು ಹೇಳಿತು. 1978ರಿಂದ ಬಿಡುಗಡೆಯಾದವನಿಗೆ 4,000 ರೂಪಾಯಿಯ ಪುನರ್ವಸತಿ ಯೋಜನೆಯೂ ಇತ್ತು, ಅಪ್ಪನ ತನಕ ಅದು ಬರಲಿಲ್ಲ. ಬಿಡುಗಡೆಯಾದವನ ಕೈಯಲ್ಲಿ ಇದ್ದದ್ದು ಕೈ ಮಾತ್ರ.

ಅದೇ ಹೊತ್ತಿಗೆ ದೇವರಾಜ ಅರಸರ ಭೂಸುಧಾರಣೆ ನಡೆದಿತ್ತು. 1974ರ ತಿದ್ದುಪಡಿಯ ಪ್ರಕಾರ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ನಿಂತರು, ಉಳುವ ಹೊಲದ ಒಡೆಯರಾದರು. ದೊಡ್ಡ ಕೆಲಸ ಅದು, ನಾನು ಅದರ ವಿರೋಧಿಯಲ್ಲ. ಆದರೆ ಜೀತದವನು ಗೇಣಿದಾರನಲ್ಲ. ಅವನೂ ಉಳುತ್ತಿದ್ದ, ಅವನ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಉಳುವವನೇ ಹೊಲದೊಡೆಯ ಎಂದಾಗ ನೇಗಿಲು ಹಿಡಿದ ಅಪ್ಪ ಆ ‘ಉಳುವವ’ನೊಳಗೆ ಸೇರಲಿಲ್ಲ. ಟೀ ಅಂಗಡಿಯಲ್ಲಿ ನನಗೆ ಬಿಟ್ಟಿಯ ಪಾಠ ಹೇಳಿದ ಯಜಮಾನರ ಅಪ್ಪನಿಗೆ ಜಮೀನು ಬಂದದ್ದು ನಮೂನೆ 7ರಿಂದ. ಆ ಜಮೀನು ಅಡಿಕೆ ತೋಟವಾದದ್ದು ಭದ್ರಾ ಯೋಜನೆಯ ನೀರಿನಿಂದ. ಲಕ್ಕವಳ್ಳಿಯ ಆ ಅಣೆಕಟ್ಟಿಗೆ ಮಣ್ಣು ಹೊತ್ತವರಲ್ಲಿ ನಮ್ಮ ದೊಡ್ಡಪ್ಪನೂ ಒಬ್ಬ. ಇದನ್ನು ನಾನು ಅವತ್ತು ಬೆಂಚಿನ ಮೇಲೆ ಹೇಳಬೇಕಿತ್ತು.

ಬಿ. ಕೃಷ್ಣಪ್ಪನವರು ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ್ದು ಈ 70ರ ದಶಕದಲ್ಲಿಯೇ, ನಮ್ಮಿಂದ ಕೂಗಳತೆಯಲ್ಲಿ. ಸಮಿತಿ ಕೇಳಿದ್ದು ಭೂಮಿ. ಹೆಂಡದಂಗಡಿ ಬೇಡ, ವಸತಿ ಶಾಲೆ ಕೊಡಿ ಎಂದು ಕೇಳಿತು. ಅಕ್ಕಿ ಕೊಡಿ ಎಂದು ನಾವು ಬೀದಿಗಿಳಿದದ್ದು ನನಗೆ ನೆನಪಿಲ್ಲ. ಭೂಮಿ ಕೇಳಿದವರ ಕೈಗೆ ನಲವತ್ತು ವರ್ಷದ ಮೇಲೆ ಅಕ್ಕಿ ಇಟ್ಟು, ಆಮೇಲೆ ಅಕ್ಕಿ ತಿಂದರು ನೋಡಿ ಎಂದು ಹಂಗಿಸುವುದು ಯಾವ ನ್ಯಾಯ?

*

ಹಂಗಿಸುವವರ ಮನಸ್ಸಿನಲ್ಲಿ ಇರುವುದು ಅಕ್ಕಿಯಲ್ಲ ಎಂಬುದು ನನ್ನ ವಾದ. ಅಕ್ಕಿಯ ಹಿಂದೆ ‘ಒಲ್ಲೆ’ ಎಂಬ ಮಾತು ಇದೆ. ಮನೆಯಲ್ಲಿ ಎಂಟು ದಿನದ ಅಕ್ಕಿ ಇರುವವಳು ಎಂಟು ದಿನದ ಮಟ್ಟಿಗೆ “ಆ ಕೂಲಿಗೆ ಬರಲ್ಲ ಹೋಗ್ರಿ” ಎನ್ನಬಲ್ಲಳು. ಅವಳ ಬಾಯಿಂದ ಆ ಮಾತು ಬರದಂತೆ ನೋಡಿಕೊಳ್ಳುವುದೇ ಈ ಸೀಮೆಯ ದುಡಿಮೆಯ ಚರಿತ್ರೆಯ ತುಂಬ ಇರುವುದು.

ಘಟ್ಟದ ಕಾಫಿ ತೋಟಗಳ ವಿಚಾರ ನೋಡಿ. ಮೇಸ್ತ್ರಿ ಬಯಲುಸೀಮೆಯ ಹಳ್ಳಿಗಳಿಗೆ ಬಂದು ಮುಂಗಡ ಕೊಟ್ಟು ಆಳು ಹಿಡಿದುಕೊಂಡು ಹೋಗುತ್ತಿದ್ದ. ಬ್ರಿಟಿಷ್ ಇಂಡಿಯಾದಲ್ಲಿ 1859ರ 13ನೇ ಕಾಯ್ದೆ ಎಂದು ಒಂದಿತ್ತು. ಮುಂಗಡ ತೆಗೆದುಕೊಂಡು ಕೆಲಸಕ್ಕೆ ಬರದ ಕೂಲಿಯವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸಬಹುದಾಗಿತ್ತು. ಕೂಲಿ ಕೊಡದ ಧಣಿಗೆ ಅಂಥ ಜೈಲಿಲ್ಲ. 1925ರಲ್ಲಿ ಅದನ್ನು ರದ್ದು ಮಾಡುವ ತೀರ್ಮಾನವಾಯಿತು. ಕಾಯ್ದೆ ಹೋದರೂ ಮುಂಗಡ ಹೋಗಲಿಲ್ಲ. ನಮ್ಮವ್ವ ಹುಡುಗಿಯಾಗಿದ್ದಾಗ ಎರಡು ವರ್ಷ ತೋಟದ ಲೈನು ಮನೆಯಲ್ಲಿದ್ದಳು. ಹಣ್ಣು ಕುಯ್ದ ಲೆಕ್ಕವನ್ನು ರೈಟರು ಬರೆದುಕೊಳ್ಳುತ್ತಿದ್ದ, ಮುಂಗಡದ ಲೆಕ್ಕ ಮೇಸ್ತ್ರಿಯ ತಲೆಯಲ್ಲಿರುತ್ತಿತ್ತು. “ಆ ತಲೆ ಭಾಳ ದೊಡ್ಡದು ಕಣಪ್ಪ” ಎಂದು ಅವ್ವ ನಗುತ್ತಿದ್ದಳು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ನಾಯಿಗುತ್ತಿ ಕಾಡು ಗುಡ್ಡ ಸುತ್ತುವುದನ್ನು, ತಿಮ್ಮಿಯನ್ನು ಹಾರಿಸಿಕೊಂಡು ಹೋಗುವುದನ್ನು ನಮ್ಮ ವಿಮರ್ಶಕರು ಪ್ರೇಮ, ಜೀವಚೈತನ್ಯ, ಸೃಷ್ಟಿಯ ಲೀಲೆ ಎಂದೆಲ್ಲ ಬಣ್ಣಿಸಿದ್ದಾರೆ. ಇರಲಿ. ಆದರೆ ಒಬ್ಬ ಹೊಲೆಯರ ಹುಡುಗ ಇನ್ನೊಂದು ಊರಿನ ಹುಡುಗಿಯನ್ನು ಮದುವೆಯಾಗಲು ರಾತ್ರೋರಾತ್ರಿ ಯಾಕೆ ಓಡಬೇಕು? ಅವನು ಒಬ್ಬ ಹೆಗ್ಗಡೆಯ ಆಳು, ಅವಳು ಇನ್ನೊಬ್ಬ ಗೌಡರ ಹಟ್ಟಿಯವಳು. ಮದುವೆಯಾದರೆ ಒಂದು ಮನೆಗೆ ಒಂದು ಆಳು ಕಮ್ಮಿ. ಅವರ ಓಟ ಪ್ರೇಮದ್ದು ಹೌದು, ಜೊತೆಗೆ ಇಬ್ಬರು ಯಜಮಾನರಿಗೂ ಒಟ್ಟಿಗೆ ಹೇಳಿದ ‘ಒಲ್ಲೆ’ಯೂ ಹೌದು. ಹಾಗೆ ಓದಿದರೆ ಕಾದಂಬರಿ ಸಣ್ಣದಾಗುವುದಿಲ್ಲ.

ಕಾಯಕದ ಮಾತು ಎತ್ತದೆ ಈ ಲೇಖನ ಮುಗಿಸಿದರೆ ಗೆಳೆಯರು ಸುಮ್ಮನಿರುವುದಿಲ್ಲ. ದುಡಿದೇ ತಿನ್ನಬೇಕು ಎಂಬುದು ನಮ್ಮದೇ ಶರಣರ ಮಾತಲ್ಲವೇ ಎನ್ನುತ್ತಾರೆ. ಹೌದು. ಆದರೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಪೂರ್ತಿ ಕೇಳಬೇಕು. ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ. ಲಕ್ಕಮ್ಮ ಅದನ್ನು ವಾಪಸು ಸುರಿದು ಬಾ ಎಂದಳು. ಅದು ಆಸೆಗೆ ಹಾಕಿದ ಕಟ್ಟು, ಅದನ್ನು ಹಾಕಿಕೊಂಡವಳು ಅವಳೇ. ಕಲ್ಯಾಣದಲ್ಲಿ ಭಂಡಾರಿ ಬಸವಣ್ಣನಿಗೂ ಸಮಗಾರ ಹರಳಯ್ಯನಿಗೂ ಕಾಯಕ ಒಂದೇ ಆಗಿತ್ತು. ಈಗ ಕಾಯಕದ ಉಪದೇಶ ಕೂಲಿಯವನಿಗೆ ಮಾತ್ರ. ಹೆಚ್ಚು ಆಯ್ದುಕೊಂಡವನಿಗೆ ವಾಪಸು ಸುರಿ ಎಂದು ಯಾರು ಹೇಳುತ್ತಾರೆ? ‘ಕೂತು ಉಂಡರೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆಯನ್ನು ನಮ್ಮ ಕೇರಿಯಲ್ಲಿ ಬಳಸುವುದನ್ನು ನಾನು ಕೇಳಿಲ್ಲ. ಕುಡಿಕೆ ಇದ್ದವರ ಗಾದೆ ಅದು.

ಅಂಬೇಡ್ಕರ್ 1936ರಲ್ಲಿ ಜಾತಿಪದ್ಧತಿಯನ್ನು ಬರಿಯ ಶ್ರಮವಿಭಜನೆ ಎನ್ನುವವರಿಗೆ ಉತ್ತರ ಕೊಟ್ಟಿದ್ದರು. ಅಲ್ಲಿ ಭಾಗವಾಗುವುದು ದುಡಿಮೆಯಷ್ಟೇ ಅಲ್ಲ, ದುಡಿಯುವವರೇ ಎಂದು ತೋರಿಸಿದ್ದರು. ಒಬ್ಬನು ಹುಟ್ಟಿದ ಮನೆಯಿಂದಲೇ ಕೆಲಸ ತೀರ್ಮಾನವಾಗುವ ಕಡೆ ‘ನಿನ್ನ ಬದುಕಿಗೆ ನೀನೇ ಹೊಣೆ’ ಎನ್ನುವುದು ಬಹಳ ಸುಲಭದ ಮಾತು. 1942ರಿಂದ 46ರವರೆಗೆ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಾಗ ಅವರು ದುಡಿಮೆಯ ತಾಸು, ಕೂಲಿ, ಉದ್ಯೋಗ ವಿನಿಮಯ ಕಚೇರಿಗಳ ಬಗ್ಗೆ ತಲೆ ಕೆಡಿಸಿಕೊಂಡರೇ ಹೊರತು ಕೂಲಿಯವರ ಸೋಮಾರಿತನದ ಬಗ್ಗೆ ಅಲ್ಲ.

*

ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸುತ್ತದೆ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳಿಗೆ ದುಡಿದವರ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಒಂದು ಹೆಜ್ಜೆ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದೂ ಬಲವಂತದ ದುಡಿಮೆಯೇ, ಹಸಿವೂ ಒಂದು ಬಲವಂತವೇ ಎಂಬ ಅರ್ಥದ ತೀರ್ಪು. ನನ್ನ ಮಟ್ಟಿಗೆ ಬಿಟ್ಟಿ ಎಂಬ ಪದವನ್ನು ಅದರ ಮೂಲ ಅರ್ಥಕ್ಕೆ ಮರಳಿಸಿದ ತೀರ್ಪು ಇದು. 2011ರಲ್ಲಿ ನಮ್ಮ ಹೈಕೋರ್ಟು ಉದ್ಯೋಗ ಖಾತ್ರಿಯವರಿಗೂ ಕನಿಷ್ಠ ಕೂಲಿ ಕೊಡಬೇಕೆಂದು ಹೇಳಿದಾಗ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು ಯಾವ ಜಮೀನ್ದಾರನೂ ಅಲ್ಲ, ಕೇಂದ್ರ ಸರ್ಕಾರ.

ಉದ್ಯೋಗ ಖಾತ್ರಿ ಕಾಯ್ದೆ ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಬಂದದ್ದು 2007ರಲ್ಲಿ, ಎರಡನೇ ಕಂತಿನಲ್ಲಿ. ಅದರಲ್ಲಿ ಜನಕ್ಕೆ ಗೊತ್ತೇ ಆಗದ ಒಂದು ಕಲಮು ಇತ್ತು. ಕೆಲಸ ಕೇಳಿ 15 ದಿನದೊಳಗೆ ಸರ್ಕಾರ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ಕರ್ನಾಟಕದಲ್ಲಿ 2025–26ರ ದಿನಗೂಲಿ 370 ರೂಪಾಯಿ. ಅದರ ಕಾಲು ಭಾಗವೆಂದರೆ 92 ರೂಪಾಯಿ 50 ಪೈಸೆ. ದೊಡ್ಡ ಹಣವಲ್ಲ. ಆದರೆ ಕೆಲಸ ಇಲ್ಲದ್ದಕ್ಕೆ ಕೂಲಿಯವಳಲ್ಲ, ಸರ್ಕಾರ ಹೊಣೆ ಎಂದು ಬರೆದ ಕಾನೂನು ಅದಕ್ಕೆ ಮುಂಚೆ ನಮ್ಮ ಹಳ್ಳಿಗಳು ಕಂಡಿರಲಿಲ್ಲ.

ಆ ಹೊಣೆಯಿಂದ ತಪ್ಪಿಸಿಕೊಳ್ಳುವ ಉಪಾಯ ಮಾತ್ರ ಬಲು ಸರಳವಾಗಿತ್ತು. ನನ್ನ ತಂಗಿ ಮತ್ತು ಹದಿನಾಲ್ಕು ಜನ ಹೆಂಗಸರು ನಮೂನೆ 6 ತುಂಬಿಕೊಂಡು ನಮ್ಮ ಸೀಮೆಯ ಒಂದು ಪಂಚಾಯ್ತಿ ಕಚೇರಿಗೆ ಹೋದರು. ಹೆಸರು ಬೇಡ. “ಇಟ್ಟು ಹೋಗ್ರಮ್ಮ, ಕೆಲಸ ಇದ್ದಾಗ ಹೇಳ್ತೀವಿ.” ತಾರೀಖು ಹಾಕಿದ ರಸೀತಿ ಕೇಳಿದರೆ ಅದೆಲ್ಲ ಇಲ್ಲ ಅಂದರು. ರಸೀತಿ ಇಲ್ಲದಿದ್ದರೆ ಅರ್ಜಿ ಕೊಟ್ಟ ದಿನವೇ ಇಲ್ಲ, ದಿನವೇ ಇಲ್ಲವೆಂದ ಮೇಲೆ ಹದಿನೈದು ದಿನ ಎಲ್ಲಿಂದ ಎಣಿಸುವುದು? ಮೂರನೇ ಸಲ ನಾನೂ ಜೊತೆಗೆ ಹೋದೆ. ಮೇಷ್ಟ್ರು ಬಂದರು ಅಂತ ಮೊಹರು ಬಿತ್ತು. ಹದಿನಾಲ್ಕನೇ ದಿನ ಕೆರೆ ಹೂಳಿನ ಕೆಲಸ ತೆರೆಯಿತು. ಆ ಹೆಂಗಸರ ಕೈಗೆ ಗಂಡಸರಷ್ಟೇ ಕೂಲಿ ಬಂದದ್ದು ಅದೇ ಮೊದಲು. ತೋಟದಲ್ಲಿ ಯಾವತ್ತೂ ಹೆಣ್ಣಾಳಿಗೆ ಕಡಿಮೆ. ಆ ಕೆಲಸದ ಮೇಟಿಗೆ ನಮ್ಮ ರಾಜ್ಯದಲ್ಲಿ ಇಟ್ಟ ಹೆಸರು ‘ಕಾಯಕ ಬಂಧು’. ಲಕ್ಕಮ್ಮನಿಗೆ ಇದು ಖುಷಿಯಾಗುತ್ತಿತ್ತೋ ಏನೋ.

ಟೀ ಅಂಗಡಿಯ ಯಜಮಾನರ ದೂರು ಕೊನೆಗೂ ದೆಹಲಿ ಮುಟ್ಟಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಉದ್ಯೋಗ ಖಾತ್ರಿಯ ಜಾಗಕ್ಕೆ ಬೇರೊಂದು ಕಾನೂನನ್ನು ಒಪ್ಪಿತು. ಹೆಸರಿನಿಂದ ಗಾಂಧಿ ಹೋದರು, 100 ದಿನ 125 ಆಯಿತು. ಅದರೊಳಗೆ ಇನ್ನೊಂದು ಮಾತಿದೆ: ಬಿತ್ತನೆ, ಕೊಯ್ಲಿನ ಕಾಲ ನೋಡಿಕೊಂಡು ವರ್ಷಕ್ಕೆ ಒಟ್ಟು 60 ದಿನದವರೆಗೆ ಕೆಲಸ ನಿಲ್ಲಿಸಬೇಕು. ಕೂಲಿಯವಳ ಮಾತಿಗೆ ಬೆಲೆ ಬರುವುದು ವರ್ಷದಲ್ಲಿ ಆ 60 ದಿನಗಳಲ್ಲಿಯೇ. ಅವತ್ತು ತಾನೇ ಅವಳು ‘ಇಷ್ಟು ಕೊಟ್ಟರೆ ಬರ್ತೀನಿ’ ಎನ್ನಬಲ್ಲಳು. 1859ರ ಕಾಯ್ದೆ ಒಲ್ಲೆ ಎಂದವನನ್ನು ಜೈಲಿಗೆ ಹಾಕುತ್ತಿತ್ತು. ಈಗ ಜೈಲಿಲ್ಲ, ಒಲ್ಲೆ ಎಂದರೆ ಹೋಗಲು ಇನ್ನೊಂದು ಜಾಗ ಇಲ್ಲದಂತೆ ಮಾಡಿದರೆ ಸಾಕು.

*

ಇದನ್ನೆಲ್ಲ ಬರೆದು ಸವರ್ಣೀಯರನ್ನು ಬೈದು ಮುಗಿಸಿದರೆ ನನ್ನ ಮನಸ್ಸಿಗೇ ಒಪ್ಪುವುದಿಲ್ಲ. ಬಿಟ್ಟಿಯ ಮಾತು ನಮ್ಮ ಕೇರಿಯೊಳಗೂ ಇದೆ. ಅಪ್ಪ ಸಾಯುವತನಕ ಸೊಸೈಟಿ ಅಕ್ಕಿಯ ಅನ್ನ ಉಣ್ಣಲಿಲ್ಲ. “ಬಿಟ್ಟಿ ಅನ್ನ ನಂಗ್ಬ್ಯಾಡ” ಎನ್ನುತ್ತಿದ್ದ. ನಾನು ಅದನ್ನು ಸ್ವಾಭಿಮಾನ ಎಂದು ಬಹಳ ದಿನ ಹೆಮ್ಮೆಪಟ್ಟೆ. ಟೀ ಅಂಗಡಿಯಿಂದ ಬಂದ ರಾತ್ರಿ ಅವನ ಎದುರು ಕೂತಾಗ ಹೊಳೆದದ್ದು ಬೇರೆ: ಅರವತ್ತು ವರ್ಷದ ಹಿಂದೆ ಕೇರಿಯ ಬಾಯಲ್ಲಿ ನಿಂತು ಕೂಗಿದ ದನಿ ಇನ್ನೂ ಅವನ ಗಂಟಲೊಳಗೆ ಕೂತಿತ್ತು. ಸ್ವಾಭಿಮಾನವೂ ಇತ್ತು, ಆ ದನಿಯೂ ಇತ್ತು. ಎರಡನ್ನೂ ಬೇರ್ಪಡಿಸಲು ನನಗೆ ಇವತ್ತಿಗೂ ಬರುವುದಿಲ್ಲ.

ನನ್ನ ವಿಷಯದಲ್ಲಿ ಅಂಥ ಗೊಂದಲವಿಲ್ಲ. ಚಿಕ್ಕಪ್ಪನ ಮಗನೊಬ್ಬ ಕೂಲಿಗೆ ಸರಿಯಾಗಿ ಹೋಗದೆ, ಸ್ವಲ್ಪ ಕುಡಿದು, ಮನೆಯಲ್ಲಿರುತ್ತಿದ್ದ. ಟೀ ಅಂಗಡಿಯ ವರ್ಷದ್ದೇ ಮಾತು. ಅವನಿಗೆ ನಾನು ಹೇಳಿದ್ದು: “ನಾನೂ ಇದೇ ಕೇರಿಲಿ ಹುಟ್ದೋನು. ಓದಿ ಮೇಲೆ ಬರ್ಲಿಲ್ವಾ? ನಿಂಗೇನಾಗಿತ್ತೋ?” ಅವನು ನನ್ನ ಕಣ್ಣು ನೋಡದೆ, “ನಿಮ್ಮಪ್ಪ ಬಿಡುಗಡೆ ಆದ್ಮೇಲೆ ನಿಮ್ಮನ್ನ ಇಸ್ಕೂಲಿಗೆ ಹಾಕಿದ್ರು ಕಣಣ್ಣ. ನಮ್ಮಪ್ಪ ಅಷ್ಟೊತ್ತಿಗೆ ಸತ್ತೋಗಿದ್ರು” ಎಂದ. ಹಾಸ್ಟೆಲ್ಲು, ವಿದ್ಯಾರ್ಥಿವೇತನ, ಮೀಸಲಾತಿ, ಇಷ್ಟನ್ನೂ ಪಡೆದೇ ನಾನು ಮೇಷ್ಟ್ರಾದದ್ದು. ನನಗೆ ಬಂದದ್ದು ಹಕ್ಕು, ಅವನಿಗೆ ಬಂದದ್ದು ಬಿಟ್ಟಿ ಎಂದು ಭಾಗ ಮಾಡಿದವನು ನಾನೇ. ನೌಕರಿ ಹಿಡಿದ ದಲಿತರು ಊರಿನ ಅಣ್ಣತಮ್ಮಂದಿರ ಬಗ್ಗೆ ಆಡುವ ಮಾತುಗಳ ಒಂದು ವಿಮರ್ಶೆಯನ್ನು ನಮ್ಮಲ್ಲಿ ಯಾರಾದರೂ ಬರೆಯಬೇಕು.

ತಂಗಿಯ ಮಗ 2023ರಲ್ಲಿ ಬಿ.ಎ. ಮುಗಿಸಿದ. ಯುವನಿಧಿ ಯೋಜನೆಯ ಹಣ ಹಂಚಿಕೆ 2024ರ ಜನವರಿ 12ರಂದು ನಮ್ಮ ಪಕ್ಕದ ಶಿವಮೊಗ್ಗದಲ್ಲೇ ಶುರುವಾದದ್ದು. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದ ಮಟ್ಟಿಗೆ. ಹಣ ಬರಬೇಕಾದರೆ ತಾನು ಇನ್ನೂ ನಿರುದ್ಯೋಗಿ ಎಂದು ಅವನು ಮೊಬೈಲಿನಲ್ಲಿ ಘೋಷಣೆ ಮಾಡುತ್ತಿರಬೇಕು. ಆ ವರ್ಷದ ಅಡಿಕೆ ಕಾಲದಲ್ಲಿ ಒಂದು ಸಂಜೆ ನಾನು ಅವರ ಮನೆಯಲ್ಲಿದ್ದೆ. ತಾಯಿ ಮಗ ಇಬ್ಬರೂ ಚೇಣಿದಾರರ ಕಣದಲ್ಲಿ ಬೆಳಗಿನ ಜಾವದಿಂದ ಅಡಿಕೆ ಸುಲಿದು ಬಂದಿದ್ದರು, ಡಬ್ಬದ ಲೆಕ್ಕದಲ್ಲಿ. ಅವನ ಬೆರಳುಗಳೆಲ್ಲ ಚೊಗರಿಗೆ ಕಪ್ಪಾಗಿದ್ದವು. ಮೊಬೈಲು ಹಿಡಿದುಕೊಂಡು ಕೇಳಿದ:

“ಮಾವ, ಇಲ್ಲಿ ಕೆಲಸ ಇಲ್ಲ ಅಂತ ಒತ್ಬೇಕು. ಇವತ್ತು ಕೆಲಸಕ್ಕೆ ಹೋಗಿದ್ನಲ್ಲ, ಸುಳ್ಳಾಗಲ್ವಾ?”

ನಾನು ಯೋಚಿಸುತ್ತಿರುವಾಗಲೇ ತಂಗಿ ಬಚ್ಚಲಿನಿಂದ ಕೈ ಉಜ್ಜಿಕೊಳ್ಳುತ್ತ ಹೇಳಿದಳು: “ಅದು ಕೂಲಿ ಕಣ್ಲಾ. ಒತ್ತು.”

ಅವನು ಒತ್ತಿದ. ಒಟಿಪಿ ಬರಲಿಲ್ಲ. ಸಿಗ್ನಲ್ಲು ಗುಡಿ ಹತ್ರ ಚೆನ್ನಾಗಿ ಸಿಗುತ್ತೆ ಅಂತ ಹೇಳಿ, ಬೈಕು ಹತ್ತಿ ಅಮೃತಾಪುರದ ಕಡೆಗೆ ಹೋದ.